ಮೆಂತೆಯ ವಾಸನೆಯ ಮಗು

ಕೋವಿಡ್ ಕಾಲದ ಮಾಸ್ಕುಗಳು ನಮ್ಮ ಮುಖಗಳಿಂದ ಇಳಿದ ಮರುವರ್ಷದ ಮಾತು. ನಾನಾಗ ಮಣಿಪಾಲದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಹಿರಿಯ ಡಯಟೀಶಿಯನ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಡಯಟೀಶಿಯನ್ ಎಂದರೆ ನಮ್ಮ ಕಡೆಯ ಜನರಿಗೆ ಇರುವ ಕಲ್ಪನೆ ಒಂದೇ: ತಿನ್ನಬೇಡಿ ಎಂದು ಹೇಳುವುದಕ್ಕೆ ಸಂಬಳ ಪಡೆಯುವ ಹೆಂಗಸು. ಕಾರ್ಕಳದಲ್ಲಿ ಸಂಬಂಧಿಕರ ಮದುವೆ ಊಟಕ್ಕೆ ನಾನು ಕುಳಿತರೆ ಅಕ್ಕಪಕ್ಕದವರು ಹೋಳಿಗೆಯನ್ನು ಎಲೆಯ ಆಚೆ ಬದಿಗೆ ಸರಿಸುತ್ತಾರೆ. "ವಿಜಯಕ್ಕ ಇದ್ದಾರೆ ಮಾರಾಯ್ರೆ, ಮೆಲ್ಲ ತಿನ್ನಿ" ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ನಾನು ಅವರಿಗಿಂತ ಎರಡು ಹೋಳಿಗೆ ಹೆಚ್ಚು ತಿಂದು ಸೇಡು ತೀರಿಸಿಕೊಳ್ಳುತ್ತೇನೆ.

ನನ್ನ ನಿಜವಾದ ಕೆಲಸ ಬೇರೆಯೇ ಇತ್ತು. ಹುಟ್ಟುವಾಗಲೇ ಮೈಯ ರಾಸಾಯನಿಕ ಕ್ರಿಯೆಗಳಲ್ಲಿ ದೋಷ ಹೊತ್ತು ಬರುವ ಮಕ್ಕಳಿದ್ದಾರೆ. ಅವರ ಕ್ಲಿನಿಕ್ಕಿಗೆ ಮೆಟಬಾಲಿಕ್ ಕ್ಲಿನಿಕ್ ಎನ್ನುತ್ತಾರೆ. ಅಲ್ಲಿ ಆಹಾರವೇ ಔಷಧ, ಆಹಾರವೇ ವಿಷ. ಯಾವ ಮಗುವಿಗೆ ಯಾವುದು ಎಷ್ಟು ಮಿಲಿಗ್ರಾಂ ಹೋಗಬೇಕು ಎಂದು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ.

ಇಲ್ಲಿ ಪ್ರೋಟೀನಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಪ್ರೋಟೀನ್ ಎಂದರೆ ಬಹಳ ಮಂದಿಗೆ ಜಿಮ್ಮಿನ ಹುಡುಗರು ನೀರಿಗೆ ಕಲಸಿ ಕುಡಿಯುವ ಪುಡಿ. ಆದರೆ ಮೈಯೊಳಗಿನ ಬಹುಪಾಲು ಕೆಲಸ ಮಾಡುವುದು ಪ್ರೋಟೀನುಗಳೇ. ರಕ್ತದಲ್ಲಿ ಆಮ್ಲಜನಕ ಹೊರುವುದು ಪ್ರೋಟೀನ್, ಸ್ನಾಯುವನ್ನು ಎಳೆಯುವುದು ಪ್ರೋಟೀನ್, ಹೊಕ್ಕ ರೋಗಾಣುವನ್ನು ಹಿಡಿದು ಹಾಕುವುದೂ ಪ್ರೋಟೀನ್. ಉಂಡದ್ದನ್ನು ಅರಗಿಸುವ ಕಿಣ್ವಗಳು, ಅಂದರೆ ಎಂಜೈಮುಗಳೂ ಅದೇ ಜಾತಿ. ಇವನ್ನು ಮೈ ಸಿದ್ಧವಸ್ತುವಾಗಿ ಹೊರಗಿನಿಂದ ತರಿಸಿಕೊಳ್ಳುವುದಿಲ್ಲ. ನಾವು ಬಂಗುಡೆ ಮೀನು ತಿಂದರೆ ಬಂಗುಡೆಯ ಪ್ರೋಟೀನ್ ಹಾಗೆಯೇ ನಮ್ಮದಾಗುವುದಿಲ್ಲ. ಹೊಟ್ಟೆ ಮತ್ತು ಕರುಳು ಅದನ್ನು ಅಮೈನೋ ಆಮ್ಲಗಳೆಂಬ ಬಿಡಿ ಬಿಡಿ ಚೂರುಗಳಾಗಿ ಒಡೆಯುತ್ತವೆ. ಅವುಗಳಲ್ಲಿ ಇಪ್ಪತ್ತು ಬಗೆ. ಪ್ರತಿಯೊಂದು ಜೀವಕೋಶವೂ ಆ ಚೂರುಗಳನ್ನು ತನಗೆ ಬೇಕಾದ ಕ್ರಮದಲ್ಲಿ ಹೊಸದಾಗಿ ಪೋಣಿಸಿಕೊಳ್ಳುತ್ತದೆ. ಯಾವುದರ ನಂತರ ಯಾವುದು ಎಂಬ ಕ್ರಮ ಡಿಎನ್‌ಎಯಲ್ಲಿ ಬರೆದಿದೆ. ಬೇಕಾದ ಭಾಗದ ಒಂದು ನಕಲು ಆರ್‌ಎನ್‌ಎ ರೂಪದಲ್ಲಿ ಹೊರಗೆ ಬರುತ್ತದೆ. ರೈಬೋಸೋಮ್ ಎಂಬ ಪುಟ್ಟ ಯಂತ್ರ ಅದನ್ನು ಓದುತ್ತಾ ಒಂದೊಂದೇ ಅಮೈನೋ ಆಮ್ಲವನ್ನು ಸೇರಿಸುತ್ತಾ ಹೋಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಪಾಸಾಗಿದ್ದೆ. ಆ ಪೋಣಿಸುವ ಕೆಲಸ ನಿಂತರೆ ಒಂದು ಮನೆಯ ಗತಿ ಏನಾಗುತ್ತದೆ ಎಂದು ಕಣ್ಣಾರೆ ಕಂಡದ್ದು ಆ ವರ್ಷ.

ಮಗು ಕಾಪುವಿನ ಕಡೆಯದು. ತಾಯಿ ರಕ್ಷಿತಾ, ಇಪ್ಪತ್ತೈದರ ಒಳಗಿನ ಹುಡುಗಿ, ಮೊದಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಅವಳ ತಾಯಿ ಗಿರಿಜಕ್ಕ ಮನೆಯ ಹಿತ್ತಲಿನಲ್ಲಿ ಮಲ್ಲಿಗೆ ಗಿಡ ಬೆಳೆಸಿ, ಮೊಗ್ಗು ಕಟ್ಟಿ, ಮಾರುಕಟ್ಟೆಗೆ ಕೊಡುವವರು. ರಕ್ಷಿತಾಳ ಗಂಡ ಪ್ರಶಾಂತ ಮಲ್ಪೆ ಬಂದರಿಗೆ ಮಂಜುಗಡ್ಡೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಅವನು ಗಿರಿಜಕ್ಕನ ಸ್ವಂತ ಅಣ್ಣನ ಮಗ, ಅಂದರೆ ರಕ್ಷಿತಾಳಿಗೆ ಸೋದರಮಾವನ ಮಗ. ನಮ್ಮಲ್ಲಿ ಇಂಥ ಮದುವೆ ಹೊಸತೇನಲ್ಲ, ಯಾರೂ ಎರಡನೇ ಸಲ ಯೋಚಿಸುವುದೂ ಇಲ್ಲ.

ಗಂಡು ಮಗು, ಮೂರು ಕಿಲೋ ತೂಕ, ಹುಟ್ಟಿದ ಕೂಡಲೇ ಗಟ್ಟಿ ಅಳು. ಮನೆಗೆ ಹೋದ ಮೇಲೆ ಹಾಲು ಕುಡಿಯುವುದನ್ನು ಕಡಿಮೆ ಮಾಡಿತು. ಬಾಲೆ, ಅಂದರೆ ತುಳುವಿನಲ್ಲಿ ಮಗು, ಗಡದ್ದಾಗಿ ನಿದ್ರೆ ಮಾಡುತ್ತದೆ ಎಂದು ಮನೆಯವರು ಸಂತೋಷಪಟ್ಟರು. ಆಮೇಲೆ ಎಬ್ಬಿಸಿದರೂ ಏಳಲಿಲ್ಲ. ಮೈ ಒಮ್ಮೆ ಬಟ್ಟೆಯ ಹಾಗೆ ಮೆತ್ತಗಾಗುತ್ತಿತ್ತು, ಒಮ್ಮೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ನಮ್ಮಲ್ಲಿಗೆ ತರುವಾಗ ಮಗುವಿಗೆ ವಾರವೂ ತುಂಬಿರಲಿಲ್ಲ. ಕೈಕಾಲು ಸೈಕಲ್ ತುಳಿಯುವಂತೆ ತಾವಾಗಿಯೇ ಆಡುತ್ತಿದ್ದವು. ನವಜಾತ ಶಿಶುವಿನಲ್ಲಿ ಇದನ್ನೆಲ್ಲ ಕಂಡರೆ ಯಾವ ಡಾಕ್ಟರಾದರೂ ಮೊದಲು ರಕ್ತದ ಸೋಂಕು ಎಂದೇ ಯೋಚಿಸುತ್ತಾರೆ. ಆಂಟಿಬಯೋಟಿಕ್ ಶುರುವಾಯಿತು. ಮಗು ಇನ್ನೂ ಆಳಕ್ಕೆ ಜಾರಿತು.

ಮಕ್ಕಳ ತಜ್ಞ ಡಾಕ್ಟರ್ ಸುಧೀರ್ ನನ್ನನ್ನು ಐಸಿಯುವಿಗೆ ಕರೆಸಿದರು. "ವಿಜಯಾ, ಇದರ ಕಿವಿಯ ಹತ್ತಿರ ಒಮ್ಮೆ ಮೂಸಿ ನೋಡಿ."

ನಾನು ಬಗ್ಗಿದೆ. ಸಿಹಿಯಾದ, ಸ್ವಲ್ಪ ಸುಟ್ಟ ಸಕ್ಕರೆಯಂಥ ವಾಸನೆ. ಹುರಿದ ಮೆಂತೆಯ ವಾಸನೆ ಎಂದರೂ ಸರಿ. ಪಕ್ಕದಲ್ಲಿದ್ದ ನರ್ಸ್ ನಕ್ಕಳು. "ಅದು ಬಾಣಂತಿ ತಿಂದ ಮೆಂತೆಯದ್ದು ಮೇಡಂ. ಅಜ್ಜಿಯೇ ಹೇಳಿದ್ರು, ದಿನಕ್ಕೆರಡು ಸಲ ಮೆಂತೆ ಗಂಜಿ ಅಂತೆ."

ನರ್ಸ್ ಹೇಳಿದ್ದು ಸುಳ್ಳಾಗುವ ಸಂಭವ ಕಡಿಮೆ. ನಮ್ಮ ಕರಾವಳಿಯ ಬಾಣಂತಿಗೆ ಮೆಂತೆ ಗಂಜಿ ತಪ್ಪಿದ್ದಲ್ಲ. ಮೆಂತೆ, ಬೆಲ್ಲ, ತೆಂಗಿನಹಾಲು ಹಾಕಿ ಬೇಯಿಸಿ, ಎದೆಹಾಲು ಬರಲಿ, ಸೊಂಟ ಗಟ್ಟಿಯಾಗಲಿ ಎಂದು ತಿನ್ನಿಸುತ್ತಾರೆ. ಅದನ್ನು ತಿಂದವಳ ಬೆವರಿಗೂ ಆ ವಾಸನೆ, ಹಾಲು ಕುಡಿದ ಮಗುವಿಗೂ ಆ ವಾಸನೆ. ನಮ್ಮ ಬಾಣಂತಿಯರ ವಾರ್ಡಿಗೆ ಕಾಲಿಟ್ಟರೆ ಮೂಗಿಗೆ ಮೊದಲು ಬಡಿಯುವುದು ಅದೇ. ತೊಂದರೆ ಎಂದರೆ, ಇದೇ ವಾಸನೆ ಒಂದು ಭಯಂಕರ ಕಾಯಿಲೆಗೂ ಉಂಟು. ಆ ಮಕ್ಕಳ ಮೂತ್ರದಲ್ಲೂ ಕಿವಿಯ ಗುಗ್ಗೆಯಲ್ಲೂ ಸೇರುವ ಪದಾರ್ಥವೂ ಮೆಂತೆಯ ಪರಿಮಳದ ಪದಾರ್ಥವೂ ಒಂದೇ. ಕಾಯಿಲೆಯ ಹೆಸರು ಮೇಪಲ್ ಸಿರಪ್ ಯೂರಿನ್ ಡಿಸೀಸ್. ಮೇಪಲ್ ಸಿರಪ್ ಎಂದರೆ ಹೊರದೇಶದ ಒಂದು ಮರದ ರಸದಿಂದ ಮಾಡುವ ಪಾಕ; ಮೂತ್ರಕ್ಕೆ ಅದರ ವಾಸನೆ. ನಮ್ಮ ಕಾಪುವಿನಲ್ಲಿ ಕಂಡುಹಿಡಿದಿದ್ದರೆ ಮೆಂತೆ ಕಾಯಿಲೆ ಎಂದೇ ಕರೆಯುತ್ತಿದ್ದರು.

"ರಕ್ತ ಕಳಿಸಿ ಆಗಿದೆ. ರಿಪೋರ್ಟ್ ನಾಳೆ" ಎಂದರು ಸುಧೀರ್. "ಕಾಯಿಲೆ ಹೌದಾದರೆ ಈಗಲೇ ಹಾಲು ನಿಲ್ಲಿಸಬೇಕು, ಡಯಾಲಿಸಿಸ್‌ಗೆ ಇಳಿಯಬೇಕು. ಬರೇ ಮೆಂತೆಯಾದರೆ, ಇಷ್ಟು ಸಣ್ಣ ಮಗುವಿನ ಹೊಟ್ಟೆಗೆ ಸುಮ್ಮನೆ ಟ್ಯೂಬ್ ಹಾಕಿದ ಹಾಗಾಗ್ತದೆ. ತಾಯಿ ಎಂತ ತಿಂದಿದ್ದಾಳೆ ಅಂತ ಸರಿಯಾಗಿ ಕೇಳಿ ಬನ್ನಿ."

ರಕ್ಷಿತಾ ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಖದಲ್ಲಿ ರಕ್ತವೇ ಇಲ್ಲ. ನಾನು ತುಳುವಿನಲ್ಲೇ ಮಾತಾಡಿಸಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಅವಳನ್ನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಬಂದದ್ದು ಗಿರಿಜಕ್ಕನಿಂದ. ಬೆಳಿಗ್ಗೆ ಎಂತ? ಮೆಂತೆ ಗಂಜಿ. ಮಧ್ಯಾಹ್ನ? ಅನ್ನ, ಕಾಳುಮೆಣಸಿನ ಸಾರು. ಸಂಜೆ? ಪುನಃ ಮೆಂತೆ ಗಂಜಿ. "ನಾನೇ ಕೂತು ಕಡೆದು ಮಾಡುವುದು ಮೇಡಂ, ಎರಡು ತೆಂಗಿನಕಾಯಿಯ ಹಾಲು ಹಾಕಿ. ಬಟ್ಟಲು ಖಾಲಿಯಾಗಿಯೇ ವಾಪಸ್ ಬರ್ತದೆ." ಹೇಳುವಾಗ ಆ ದುಃಖದ ನಡುವೆಯೂ ಅವರ ದನಿಯಲ್ಲಿ ಹೆಮ್ಮೆಯಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಹೇಳುವುದುಂಟು. ಹಾಲು ಕೊಡುವವಳು ಬಾಯಿ ತೆರೆಯುವುದಕ್ಕೇ ಬಿಡದ ಈ ಹೆಂಗಸಿನ ಮೇಲೆ ನನಗೆ ರೇಗಿತು. "ಗಿರಿಜಕ್ಕ, ಕ್ಯಾಂಟೀನಿನಿಂದ ನನಗೊಂದು ಚಹಾ ತಂದು ಕೊಡ್ತೀರಾ? ತಲೆ ಸಿಡೀತಾ ಉಂಟು" ಎಂದೆ. ಅವರು ಎದ್ದು ಹೋದರು. ತಿರುವಿನಲ್ಲಿ ಅವರ ಸೆರಗು ಮರೆಯಾಗುವವರೆಗೆ ರಕ್ಷಿತಾ ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕೈ ಹಿಡಿದಳು.

"ಅಕ್ಕ, ನಾನು ಮೆಂತೆ ಗಂಜಿ ತಿಂದೇ ಇಲ್ಲ."

"ಎಷ್ಟು ತಿಂದಿಲ್ಲ? ಅರ್ಧ ಬಿಟ್ಟಿದ್ದೀಯಾ?"

"ಒಂದು ಚಮಚವೂ ಇಲ್ಲ. ನನಗೆ ಆ ಕಹಿ ಆಗುವುದೇ ಇಲ್ಲ, ವಾಂತಿ ಬರ್ತದೆ. ಅಮ್ಮನಿಗೆ ಹೇಳಿದರೆ ಬೈತಾರೆ. ಹಾಗೆ ಇವರು ಬಂದಾಗ ಇವರೇ ತಿಂದು ಬಟ್ಟಲು ಕೊಡುವುದು. ಇವರಿಲ್ಲದಿದ್ದರೆ ಕಿಟಕಿಯಿಂದ ಬಾಳೆಬುಡಕ್ಕೆ ಸುರಿಯುವುದು. ಅಮ್ಮನಿಗೆ ಹೇಳ್ಬೇಡಿ ಅಕ್ಕ."

ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಲಾರಿ ಓಡಿಸುವ ಗಂಡಸು ಬಾಣಂತಿ ಗಂಜಿ ತಿಂದು ಗುಂಡಗಾಗಿರುವ ಚಿತ್ರ ಕಣ್ಣ ಮುಂದೆ ಬಂತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಅವಳು ಮೆಂತೆ ತಿಂದಿಲ್ಲವಾದರೆ ಮಗುವಿನ ಮೈಯಲ್ಲಿರುವ ವಾಸನೆ ಎಲ್ಲಿಂದ ಬಂತು? ಚಹಾಕ್ಕೆ ಕಾಯದೆ ಓಡಿದೆ. ಐಸಿಯುವಿನ ಬಾಗಿಲಲ್ಲೇ ನಿಂತು, "ಡಾಕ್ಟ್ರೇ, ಮೆಂತೆ ಅಲ್ಲ" ಎಂದಷ್ಟೇ ಹೇಳಿದೆ. ಸುಧೀರ್ ಮರುಪ್ರಶ್ನೆ ಹಾಕಲಿಲ್ಲ. ಹಾಲು ನಿಂತಿತು. ಮಗುವಿನ ಪುಟ್ಟ ಹೊಟ್ಟೆಗೆ ಟ್ಯೂಬ್ ಹಾಕಿ, ಹೊಟ್ಟೆಯ ಪೊರೆಯ ಮೂಲಕವೇ ರಕ್ತವನ್ನು ತೊಳೆಯುವ ಡಯಾಲಿಸಿಸ್ ಶುರುವಾಯಿತು.

ಮರುದಿನದ ರಿಪೋರ್ಟಿನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಮಟ್ಟ ಎರಡು ಸಾವಿರ ದಾಟಿತ್ತು. ಅದು ಇರಬೇಕಾದದ್ದು ಇನ್ನೂರರ ಒಳಗೆ.

ಆಗುವುದು ಏನೆಂದರೆ, ಪೋಣಿಸಿ ಉಳಿದ ಅಮೈನೋ ಆಮ್ಲಗಳನ್ನು ಮೈ ಒಡೆದು ಹೊರಹಾಕಬೇಕು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರನ್ನು ಒಡೆಯುವುದಕ್ಕೆ ಒಂದು ಕಿಣ್ವ ಬೇಕು. ಆ ಕಿಣ್ವವೂ ಒಂದು ಪ್ರೋಟೀನೇ. ಅದನ್ನು ಪೋಣಿಸುವ ಬರಹದಲ್ಲಿ ಈ ಮಗುವಿಗೆ ತಪ್ಪಿತ್ತು. ತಂದೆಯಿಂದ ಒಂದು ತಪ್ಪು ಪ್ರತಿ, ತಾಯಿಯಿಂದ ಒಂದು ತಪ್ಪು ಪ್ರತಿ. ಒಂದಾದರೂ ಸರಿಯಿದ್ದರೆ ಮಗುವಿಗೆ ಏನೂ ಆಗುತ್ತಿರಲಿಲ್ಲ. ಒಂದೇ ಕುಟುಂಬದ ಇಬ್ಬರು ಮದುವೆಯಾದಾಗ ಒಂದೇ ತಪ್ಪು ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಹೀಗೆ ಮಗು ಕುಡಿದ ಪ್ರತಿ ಗುಟುಕು ಹಾಲಿನ ಲ್ಯೂಸಿನ್ ಮೈಯಲ್ಲೇ ಉಳಿದು, ಮೆದುಳಿಗೆ ಏರಿ, ಅದನ್ನು ಊದಿಸುತ್ತಿತ್ತು.

ಇದನ್ನು ಹೇಗೆ ಮೆದುವಾಗಿ ಹೇಳಬಹುದೋ ಹಾಗೆ ಸುಧೀರ್ ಹೇಳಿದರು. ರಕ್ಷಿತಾಳ ರವಿಕೆ ಹಾಲಿಗೆ ಒದ್ದೆಯಾಗಿತ್ತು. ಅವಳು ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಕೇಳಿದಳು, "ಹಾಗಾದ್ರೆ ನಾನೇ ವಿಷ ಕುಡಿಸಿದ್ದಾ?" ಪ್ರಶಾಂತ ಗೋಡೆಯ ಕಡೆ ತಿರುಗಿ ನಿಂತ. ಅಲ್ಲಮ್ಮ, ನಿನ್ನ ಹಾಲಿನದ್ದು ಏನೂ ತಪ್ಪಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಆದರೆ ಅಂಥ ಹೊತ್ತಿನಲ್ಲಿ ತಾಯಿಯ ಕಿವಿಗೆ ಸಮಾಧಾನ ಹೋಗುವುದಿಲ್ಲ. ಅವಳು ಹಾಲು ಹಿಂಡಿ ಸಿಂಕಿಗೆ ಸುರಿಯುವುದನ್ನು ನೋಡಿ ನಾನೂ ಬಾತ್‌ರೂಮಿಗೆ ಹೋಗಿ ಅತ್ತೆ.

ಹಾಲು ನಿಲ್ಲಿಸಿದರೆ ಸಾಕೇ? ಅಲ್ಲಿಯೇ ಇರುವುದು ಈ ಕಾಯಿಲೆಯ ಕುತಂತ್ರ. ಹೊರಗಿನಿಂದ ಪ್ರೋಟೀನ್ ಸಿಗದಿದ್ದರೆ ಮೈ ತನ್ನದೇ ಸ್ನಾಯುವನ್ನು ಬಿಚ್ಚಿ ತಿನ್ನುತ್ತದೆ. ಸ್ನಾಯುವಿನಲ್ಲಿ ಇರುವುದೂ ಲ್ಯೂಸಿನ್ನೇ. ಆದ್ದರಿಂದ ಆ ಮೂರನ್ನು ಬಿಟ್ಟು ಉಳಿದ ಅಮೈನೋ ಆಮ್ಲಗಳೆಲ್ಲ ಇರುವ ವಿಶೇಷ ಪುಡಿಯೊಂದನ್ನು ಕೊಡಬೇಕು. ಅದು ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಹೊರದೇಶದಿಂದ ಬರಬೇಕು, ತರಿಸಿಕೊಡುವವರಲ್ಲಿ ಆಗ ದಾಸ್ತಾನು ಇರಲಿಲ್ಲ. ಬೆಂಗಳೂರು, ಮುಂಬೈ, ಚೆನ್ನೈ ಎಲ್ಲ ಕಡೆ ಫೋನ್ ಮಾಡಿದೆ. ಬರುತ್ತದೆ, ಆದರೆ ವಾರ ಬೇಕು ಎಂದರು. ನಮ್ಮ ಮಗುವಿಗೆ ವಾರ ಇರಲಿಲ್ಲ.

ನನ್ನ ಗುರುತಿನಲ್ಲಿ ಆ ಪುಡಿ ಇದ್ದದ್ದು ಒಂದೇ ಮನೆಯಲ್ಲಿ. ಕಾರ್ಕಳದ ಶೋಭಾ, ಶಾಲೆಯ ಟೀಚರ್. ಅವಳ ಮಗಳು ಧನ್ಯಾಳಿಗೂ ಇದೇ ಕಾಯಿಲೆ. ಪುಡಿಯನ್ನೇ ನಂಬಿ ಬೆಳೆಯುತ್ತಿದ್ದ ಹುಡುಗಿ. ಫೋನ್ ಕೈಯಲ್ಲಿ ಹಿಡಿದು ನಾನು ತುಂಬಾ ಹೊತ್ತು ಕುಳಿತೆ. ಒಂದು ಮಗುವಿನ ಬಾಯಿಂದ ಕಿತ್ತು ಇನ್ನೊಂದಕ್ಕೆ ಕೊಡು ಎಂದು ಕೇಳುವುದು ಯಾವ ನ್ಯಾಯ? ಕೊನೆಗೆ ಕೇಳಿಯೇ ಬಿಟ್ಟೆ. ಆ ಕಡೆ ಕಪಾಟು ತೆರೆಯುವ ಸದ್ದು ಕೇಳಿತು.

"ಎರಡು ಡಬ್ಬಿ ಉಂಟು ಮೇಡಂ. ಮುಂದಿನದ್ದು ಬರುವವರೆಗೆ ನಮಗೆ ಅದೇ" ಎಂದಳು. ಮತ್ತೆ, "ಅದು ಹುಡುಗನಾ, ಹುಡುಗಿಯಾ?"

"ಹುಡುಗ."

"ನಾನು ಸಿಕ್ಕಿದ ಬಸ್ಸಿಗೆ ಹೊರಟು ಬರ್ತೇನೆ."

ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಂದಳು. ಒಡೆಯದ ಡಬ್ಬಿ. ಮನೆಯಲ್ಲಿ ಉಳಿಸಿಕೊಂಡದ್ದು ಅರ್ಧ ಮುಗಿದದ್ದನ್ನು. ರಕ್ಷಿತಾಳ ಕೈಗೆ ಅದನ್ನು ಕೊಟ್ಟು, "ನನ್ನ ಮಗಳು ಈಗ ಮೂರನೇ ಕ್ಲಾಸ್" ಎಂದಳು. ನಾವೆಲ್ಲರೂ ಸೇರಿ ಹೇಳಿದ ಸಮಾಧಾನಕ್ಕಿಂತ ಆ ಒಂದು ಮಾತು ರಕ್ಷಿತಾಳ ಒಳಗೆ ಇಳಿಯಿತು.

ಪುಡಿ ಮೂಗಿನ ಟ್ಯೂಬಿನಲ್ಲಿ ಹೋಗತೊಡಗಿತು. ಜೊತೆಗೆ ಗ್ಲೂಕೋಸ್, ಕೊಬ್ಬು, ಇನ್ಸುಲಿನ್. ಲ್ಯೂಸಿನ್ ಇಳಿಯಿತು. ಸಾವಿರದ ಐನೂರು, ಸಾವಿರದ ನೂರು, ಎಂಟುನೂರು. ನಾವು ಉಸಿರು ಬಿಟ್ಟೆವು. ಅಷ್ಟರಲ್ಲಿ ಅದು ಅಲ್ಲಿಯೇ ನಿಂತಿತು. ಮರುದಿನವೂ ಎಂಟುನೂರು. ಅದರ ಮರುದಿನ ಎಂಟುನೂರ ಮೂವತ್ತು. ಹೊಟ್ಟೆಯ ಟ್ಯೂಬಿನ ಸುತ್ತ ಸೋಂಕು ಕಾಣಿಸಿತು, ಡಯಾಲಿಸಿಸ್ ನಿಲ್ಲಿಸಬೇಕಾಯಿತು. ಮಗು ಕಣ್ಣು ತೆರೆಯಲಿಲ್ಲ. ತೊಡೆಗಳ ಮಾಂಸ ಕರಗಿ ಚರ್ಮ ನೆರಿಗೆಯಾಗಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಕೈಸೋತ ದಿನಗಳನ್ನು ನಾನು ಕಂಡಿಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆವು. ಮಗು ನಮ್ಮ ಕಣ್ಣ ಮುಂದೆಯೇ ಹೋಗುತ್ತಿತ್ತು.

ಗಿರಿಜಕ್ಕ ನನ್ನ ಕೋಣೆಗೆ ಬಂದರು. ಹಿಂದೆ ಪ್ರಶಾಂತ, ಅವನ ಹಿಂದೆ ರಕ್ಷಿತಾ.

"ಮೇಡಂ, ನಾವು ಬಾಲೆಯನ್ನು ಮನೆಗೆ ಕರ್ಕೊಂಡು ಹೋಗ್ತೇವೆ" ಎಂದರು ಗಿರಿಜಕ್ಕ. "ಈ ಪೈಪುಗಳೆಲ್ಲ ಸಾಕು. ಹೋಗುವುದಾದ್ರೆ ತಾಯಿಯ ಮಡಿಲಲ್ಲಿ ಹೋಗಲಿ. ಒಂದು ಸಲ ಹೊಟ್ಟೆ ತುಂಬ ಹಾಲು ಕುಡಿಲಿ."

ಅವರನ್ನು ಬೈಯುವ ಬಾಯಿ ನನಗಿರಲಿಲ್ಲ. ಸುಧೀರ್ ಅವರಿಗೂ ತಡೆಯುವ ಧೈರ್ಯ ಉಳಿದಿರಲಿಲ್ಲ. ನಾಳೆ ಬೆಳಿಗ್ಗೆಯವರೆಗೆ ಕಾಯಿರಿ, ಇಂದಿನ ರಕ್ತದ ರಿಪೋರ್ಟ್ ಬರಲಿ ಎಂದಷ್ಟೇ ಕೇಳಿಕೊಂಡೆವು. ಅವರು ಒಪ್ಪಿದ್ದು ನಮ್ಮ ಮೇಲಿನ ಭರವಸೆಯಿಂದಲ್ಲ, ಬಟ್ಟೆಬರೆ ಕಟ್ಟಿಕೊಳ್ಳುವುದಕ್ಕೆ ಹೇಗೂ ಅಷ್ಟು ಹೊತ್ತು ಬೇಕಿತ್ತು.

ಬೆಳಿಗ್ಗೆ ರಿಪೋರ್ಟ್ ಬಂತು. ನಾನೂ ಸುಧೀರ್ ಅವರೂ ಎದುರುಬದುರು ಕುಳಿತು ನೋಡಿದೆವು. ನಮ್ಮ ಕಣ್ಣೆಲ್ಲ ಅಷ್ಟು ದಿನವೂ ಲ್ಯೂಸಿನಿನ ಮೇಲೆ ಇತ್ತು, ಶತ್ರು ಅದೇ ಅಲ್ವಾ? ಅದು ಎಂಟುನೂರ ಐವತ್ತು. ಕೆಳಗಿನ ಎರಡು ಸಾಲುಗಳಲ್ಲಿ ಅದರ ಅಣ್ಣತಮ್ಮಂದಿರು, ಐಸೋಲ್ಯೂಸಿನ್ ಮತ್ತು ವ್ಯಾಲಿನ್. ಅವು ಹಿಂದಿನ ರಿಪೋರ್ಟಿನಲ್ಲಿ ಇಳಿಮುಖವಾಗಿದ್ದವು. ಇಂದು ಹೆಚ್ಚುಕಡಿಮೆ ಬತ್ತಿಯೇ ಹೋಗಿದ್ದವು.

"ಪೋಣಿಸುವುದು ನಿಂತಿದೆ" ಎಂದೆ.

ಸುಧೀರ್ ತಲೆ ಅಲ್ಲಾಡಿಸಿದರು. "ಆ ಎರಡನ್ನೂ ಕೊಡಬೇಕು. ಹೆಚ್ಚಾದರೆ ಅವೂ ಮೈಯಲ್ಲೇ ಉಳೀತವೆ. ಡೋಸ್ ನೀವು ಲೆಕ್ಕ ಹಾಕಿ, ನಾನು ಇನ್ನೊಮ್ಮೆ ನೋಡ್ತೇನೆ."

ಲೆಕ್ಕ ಹಾಕುವುದು ಸುಲಭ. ಮನೆಯವರಿಗೆ ಹೇಳುವುದು ಹೇಗೆ? ಈ ಮೂರೂ ಹೆಸರುಗಳನ್ನು ವಿಷ ಎಂದು ನಾವೇ ಅವರಿಗೆ ಹೇಳಿಕೊಟ್ಟಿದ್ದೆವು. ಗಂಟುಮೂಟೆ ಕಟ್ಟಿ ನಿಂತವರ ಮುಂದೆ ಹೋಗಿ, ಈಗ ಆ ವಿಷದಲ್ಲೇ ಎರಡನ್ನು ಕೊಡುತ್ತೇವೆ ಎಂದೆ. ಗಿರಿಜಕ್ಕನ ಮುಖ ಕಪ್ಪಿಟ್ಟಿತು.

"ನಿಮಗೆ ಎಂತ ತಲೆ ಸರಿ ಉಂಟಾ ಮೇಡಂ? ಹಾಲು ಕೊಟ್ಟರೆ ಸಾಯ್ತದೆ ಅಂದ್ರಿ. ಹಾಲಿನಲ್ಲಿ ಇದ್ದದ್ದನ್ನೇ ಈಗ ಕೊಡ್ತೇನೆ ಅಂತೀರಿ. ಪ್ರಯೋಗ ಮಾಡ್ಲಿಕ್ಕೆ ನಮ್ಮ ಬಾಲೆಯೇ ಸಿಕ್ಕಿದ್ದಾ?"

ನನಗೂ ಸಿಟ್ಟು ಬಂತು. ಬೇರೆ ದಾರಿ ಕಾಣದೆ, ಅವರ ಬೆರಳು ನೋಡಿದೆ. ವರ್ಷಗಟ್ಟಲೆ ಹೂ ಕಟ್ಟಿದ ಬೆರಳುಗಳು, ಬಾಳೆನಾರು ಉಜ್ಜಿದ ಗುರುತು ಇನ್ನೂ ಇತ್ತು.

"ಗಿರಿಜಕ್ಕ, ನೀವು ಮಲ್ಲಿಗೆ, ಅಬ್ಬಲಿಗೆ, ಹಸಿರೆಲೆ ಸೇರಿಸಿ ಮಾಲೆ ಕಟ್ತೀರಲ್ಲ, ನಡುವೆ ಅಬ್ಬಲಿಗೆ ಮುಗಿದರೆ ಎಂತ ಮಾಡ್ತೀರಿ?"

"ಎಂತ ಮಾಡುವುದು? ಕಟ್ಟುವುದು ನಿಲ್ಲಿಸಿ ಅಬ್ಬಲಿಗೆ ತರ್ಲಿಕ್ಕೆ ಹೋಗುವುದು."

"ಮಲ್ಲಿಗೆ ಬುಟ್ಟಿ ತುಂಬ ಉಂಟಲ್ಲ, ಅದನ್ನೇ ಕಟ್ಟಿ."

"ಅದು ಹೇಗೆ ಆಗ್ತದೆ? ಇಷ್ಟು ಮಲ್ಲಿಗೆಗೆ ಇಷ್ಟು ಅಬ್ಬಲಿಗೆ ಅಂತ ಲೆಕ್ಕದ ಮಾಲೆ ಅಲ್ವಾ ಅದು? ಮಲ್ಲಿಗೆ ಬುಟ್ಟಿಯಲ್ಲೇ ಇರ್ತದೆ."

"ಮಗುವಿನ ಮೈಯಲ್ಲಿ ಆದದ್ದು ಅದೇ" ಎಂದೆ. "ಮೈ ಬೆಳೆಯುವುದೆಂದರೆ ಮಾಲೆ ಕಟ್ಟುವುದು. ಲ್ಯೂಸಿನ್ ಮಲ್ಲಿಗೆ. ಅದು ಬುಟ್ಟಿಯಲ್ಲಿ ಕೊಳೀತಾ ಉಂಟು, ಅದೇ ವಿಷ. ಅದನ್ನು ಖಾಲಿ ಮಾಡ್ಲಿಕ್ಕೆ ದಾರಿ ಅಂದರೆ ಕಟ್ಟುವುದು. ಆದರೆ ಅಬ್ಬಲಿಗೆಯೂ ಎಲೆಯೂ ಮುಗಿದಿದೆ. ಹಾಗಾಗಿ ಮೈ ಹಳೇ ಮಾಲೆಗಳನ್ನೇ ಬಿಚ್ಚುತ್ತಾ ಉಂಟು. ಅದರ ತೊಡೆ ನೋಡಿದ್ದೀರಲ್ಲ? ಬಿಚ್ಚಿದ ಮಾಲೆಯಿಂದ ಇನ್ನಷ್ಟು ಮಲ್ಲಿಗೆ ಬುಟ್ಟಿಗೆ ಬೀಳ್ತದೆ. ನಾವು ಕೊಡುವುದು ಆ ಅಬ್ಬಲಿಗೆ, ಆ ಎಲೆ. ಅಳೆದು, ಸ್ವಲ್ಪವೇ."

ಗಿರಿಜಕ್ಕನ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಆಡುತ್ತಿತ್ತು, ನಾರು ಸುತ್ತುವಾಗ ಆಡುವ ಹಾಗೆ. ಉತ್ತರ ಬಂದದ್ದು ಹಿಂದಿನಿಂದ. ಈವರೆಗೆ ತಾಯಿಯ ಎದುರು ಬಾಯಿ ತೆರೆಯದ ರಕ್ಷಿತಾ ಮುಂದೆ ಬಂದು, "ಕೊಡಿ ಅಕ್ಕ" ಎಂದಳು. "ಅಮ್ಮ, ನೀವು ಸುಮ್ಮನಿರಿ. ಮಗು ನನ್ನದು."

ಬೆಳ್ಳಗಿನ ಪುಡಿ ಎರಡನ್ನು ನೀರಿನಲ್ಲಿ ಕರಗಿಸಿ ಸಿರಿಂಜಿನಲ್ಲಿ ಎಳೆದುಕೊಂಡೆವು. ನೋಡುವುದಕ್ಕೆ ಬರಿಯ ನೀರು. ಟ್ಯೂಬಿನಲ್ಲಿ ಬಿಡುವಾಗ ಸುಧೀರ್ ಅವರ ಹಣೆಯಲ್ಲಿ ಬೆವರು ಇತ್ತು. ಲೆಕ್ಕ ನನ್ನದು. ಅದು ತಪ್ಪಿದ್ದರೆ ಎಂಬ ಯೋಚನೆಯಿಂದ ಆ ದಿನ ನನಗೆ ಊಟ ಸೇರಲಿಲ್ಲ. ಡಯಟೀಶಿಯನ್ ಉಪವಾಸ ಬಿದ್ದಳು ಎಂದು ಕ್ಯಾಂಟೀನಿನವರು ತಮಾಷೆ ಮಾಡಿದರು. ಅವರಿಗೆ ಏನು ಗೊತ್ತು.

ಮರುದಿನ ಲ್ಯೂಸಿನ್ ಆರುನೂರ ಹತ್ತು. ನಾನು ನಂಬಲಿಲ್ಲ, ಲ್ಯಾಬಿಗೆ ಹೋಗಿ ಹೆಸರು ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಬಂದೆ. ಅದರ ಮರುದಿನ ನಾನೂರ ಚಿಲ್ಲರೆ. ಮಗುವಿನ ಕೋಶಗಳು ಮತ್ತೆ ಪೋಣಿಸತೊಡಗಿದ್ದವು. ಬಿದ್ದಿದ್ದ ಲ್ಯೂಸಿನನ್ನು ಎತ್ತಿ ಎತ್ತಿ ತೊಡೆಗೆ, ತೋಳಿಗೆ, ರಕ್ತಕ್ಕೆ ಸೇರಿಸಿಕೊಳ್ಳುತ್ತಿದ್ದವು. ಡಯಾಲಿಸಿಸ್ ಕಷ್ಟಪಟ್ಟು ಅರ್ಧ ಮಾಡಿದ ಕೆಲಸವನ್ನು ಕಣ್ಣಿಗೆ ಕಾಣದ ರೈಬೋಸೋಮುಗಳು ಪೂರೈಸುತ್ತಿದ್ದವು. ಒಂದು ಮಧ್ಯಾಹ್ನ ನರ್ಸ್ ಬಾಯಿ ಒರೆಸುವುದಕ್ಕೆ ಹತ್ತಿ ಇಟ್ಟಾಗ ಮಗು ಅದನ್ನು ಚೀಪಿತು. "ಮೇಡಂ, ಚೀಪ್ತಾ ಉಂಟು!" ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ತೊಟ್ಟಿಲುಗಳ ಮಕ್ಕಳೆಲ್ಲ ಎದ್ದು ಅತ್ತವು. ಯಾರೂ ಅವಳನ್ನು ಬೈಯಲಿಲ್ಲ.

ಇನ್ನೊಂದು ವಿಚಿತ್ರ ಉಳಿದಿತ್ತು. ಲ್ಯೂಸಿನ್ ಇನ್ನೂರಕ್ಕೆ ಇಳಿದ ಮೇಲೆ ಅದನ್ನೂ ಕೊಡಲೇಬೇಕು. ಮಲ್ಲಿಗೆಯೇ ಇಲ್ಲದೆ ಮಾಲೆ ಇಲ್ಲ. ಅದಕ್ಕೆ ತಾಯಿಯ ಹಾಲೇ ಸಾಕು, ಆದರೆ ಅಳತೆಯಲ್ಲಿ. ನಾನು ಕೆಲವೇ ಮಿಲಿಲೀಟರ್ ಬರೆದುಕೊಟ್ಟೆ. ರಕ್ಷಿತಾ ಹಾಲು ತುಂಬಿದ ಸಣ್ಣ ಸಿರಿಂಜ್ ಹಿಡಿದು ಕುಳಿತೇ ಇದ್ದಳು. ಇನ್ನೂ ಕೊಡಲಿಲ್ಲವೇ ಎಂದು ಕೇಳಿದರೆ, "ಹೆದರಿಕೆ ಆಗ್ತದೆ ಅಕ್ಕ" ಎಂದಳು. ನಾನು ಅವಳ ಕೈಯ ಮೇಲೆ ಕೈಯಿಟ್ಟೆ. ಆ ಹಾಲು ಒಳಗೆ ಹೋಗುವವರೆಗೆ ಅವಳೂ ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಅಷ್ಟರಲ್ಲಿ ತರಿಸಿದ ಡಬ್ಬಿಗಳು ಬಂದವು. ಮೊದಲ ಡಬ್ಬಿಯನ್ನು ಪ್ರಶಾಂತ ತನ್ನ ಮಂಜುಗಡ್ಡೆಯ ಲಾರಿಯಲ್ಲೇ ಕಾರ್ಕಳಕ್ಕೆ ಕೊಂಡುಹೋಗಿ ಶೋಭಾಳ ಮನೆಯ ಜಗಲಿಯಲ್ಲಿ ಇಟ್ಟು ಬಂದ. ಧನ್ಯಾಳ ಡಬ್ಬಿಯ ತಳದಲ್ಲಿ ಆಗ ಉಳಿದಿದ್ದದ್ದು ಒಂದೆರಡು ಹೊತ್ತಿನ ಪುಡಿ ಎಂದು ಶೋಭಾ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಮನೆಗೆ ಹೊರಡುವ ದಿನ ಗಿರಿಜಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಮೇಡಂ, ಒಂದು ಕೇಳ್ತೇನೆ. ಮನೆಯಲ್ಲೇ ಆ ವಾಸನೆ ಬಂದಿತ್ತು. ಅಕ್ಕಪಕ್ಕದವರು ಕೇಳಿದಾಗ, ನಾನು ಕೊಡುವ ಮೆಂತೆ ಹಾಗುಂಟು ಅಂತ ಜಂಬದಲ್ಲಿ ಹೇಳಿದವಳು ನಾನೇ. ಇಲ್ಲಿಯೂ ನಾನೇ ಹೇಳಿದ್ದು. ಮತ್ತೆ ನಿಮಗೆ ಅದು ಮೆಂತೆ ಅಲ್ಲ ಅಂತ ಹೇಗೆ ಗೊತ್ತಾಯ್ತು?"

ಅಮ್ಮನಿಗೆ ಹೇಳಬೇಡಿ ಎಂದು ರಕ್ಷಿತಾ ನನ್ನನ್ನು ಬೇಡಿಕೊಂಡಿದ್ದಳು. ನಾನು ಅವಳ ಕಡೆ ನೋಡಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ರಕ್ಷಿತಾ ತಾನೇ ಹೇಳಿದಳು, "ಅಮ್ಮ, ನಾನು ಮೆಂತೆ ಗಂಜಿ ತಿಂದಿರಲಿಲ್ಲ. ಒಂದು ದಿನವೂ."

"ಎಂತ? ಬಟ್ಟಲು ಖಾಲಿ ಬರ್ತಿತ್ತಲ್ಲ?"

"ಇವರು ತಿಂತಿದ್ದರು. ಉಳಿದದ್ದು ಬಾಳೆಬುಡಕ್ಕೆ."

ಪ್ರಶಾಂತ ಸೀಲಿಂಗ್ ಫ್ಯಾನ್ ನೋಡಲು ಶುರುಮಾಡಿದ. ಗಿರಿಜಕ್ಕನ ಮೂಗಿನ ಹೊಳ್ಳೆ ಅರಳಿತು. "ಎರಡೆರಡು ತೆಂಗಿನಕಾಯಿಯ ಹಾಲು ಹಾಕಿ ಮಾಡಿದ್ದು, ನಿಮ್ಮಿಬ್ಬರಿಗೆ..." ಎಂದು ದನಿ ಏರಿಸಿದವರು ಅರ್ಧಕ್ಕೇ ನಿಂತರು. ಮಗಳನ್ನು ನೋಡಿದರು, ಅವಳ ಹೆಗಲ ಮೇಲಿನ ಪುಟ್ಟ ತಲೆಯನ್ನು ನೋಡಿದರು. ಅವರಿಗೆ ಅರ್ಥವಾಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಮೆಲ್ಲನೆ ನೆಲದಲ್ಲಿ ಕುಳಿತರು.

"ನೀನು ನನ್ನ ಮಾತು ಕೇಳಿ ತಿಂದಿದ್ದರೆ, ಇವರೂ ಮೆಂತೆ ಅಂತಲೇ..." ಎಂದರು. ಮಗುವಿಗಾಗಿ ಎರಡೂ ಕೈ ಚಾಚಿದರು.

ಆ ಹುಡುಗ ಈಗ ಕಾಪುವಿನಲ್ಲಿ ಅಂಗನವಾಡಿಗೆ ಹೋಗುತ್ತಾನೆ. ನಡೆದದ್ದು ತಡ, ಮಾತು ಇನ್ನೂ ತಡವಾಗುತ್ತಿದೆ. ಆ ದಿನಗಳು ಅವನ ಮೆದುಳಿನಿಂದ ಏನನ್ನೋ ತೆಗೆದುಕೊಂಡಿವೆ. ನಾವು ಗೆದ್ದೆವು ಎಂದು ಎದೆತಟ್ಟಿ ಹೇಳುವ ಹಾಗಿಲ್ಲ. ಸಮುದ್ರದ ಬದಿಯಲ್ಲಿ ಹುಟ್ಟಿ, ಮೀನಿನ ಬಂದರಿಗೆ ಮಂಜುಗಡ್ಡೆ ಹೊರುವವನ ಮಗನಾಗಿ, ಅವನು ಜನ್ಮದಲ್ಲಿ ಮೀನಿನ ತುಂಡು ತಿನ್ನುವ ಹಾಗಿಲ್ಲ. ಬೇಳೆ ಇಲ್ಲ, ಮೊಟ್ಟೆ ಇಲ್ಲ, ಅನ್ನವೂ ತೂಗಿ ಕೊಡಬೇಕು. ಒಂದು ಜ್ವರ ಬಂದರೆ ಇಡೀ ಮನೆ ಆಸ್ಪತ್ರೆಗೆ ಓಡುತ್ತದೆ. ಆ ಮನೆಯಲ್ಲಿ ತಕ್ಕಡಿ ಹಿಡಿಯುವವರು ಗಿರಿಜಕ್ಕ. ಅವರ ಕೈಯಿಂದ ಒಂದು ಅಗುಳು ಹೆಚ್ಚು ಬೀಳುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ.

ನಾನು ನಿವೃತ್ತಳಾದರೂ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗಿ ಹೊಸಬರಿಗೆ ಕೆಲಸ ಹೇಳಿಕೊಡುತ್ತೇನೆ. ಹೆಚ್ಚಾದದ್ದನ್ನು ಎಲ್ಲರೂ ನೋಡುತ್ತಾರೆ, ಇಲ್ಲದ್ದನ್ನು ಯಾರೂ ನೋಡುವುದಿಲ್ಲ. ಆ ಮಗುವಿನ ರಿಪೋರ್ಟಿನಲ್ಲಿ ಇಲ್ಲದ ಎರಡು ಅಮೈನೋ ಆಮ್ಲಗಳು ಮತ್ತು ಅದರ ತಾಯಿಯ ಹೊಟ್ಟೆಯಲ್ಲಿ ಇಲ್ಲದ ಮೆಂತೆ, ಇವೇ ನನ್ನ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ. ಅಂದಿನಿಂದ ನಾನು ಬಾಣಂತಿಯರನ್ನು ಏನು ತಿನ್ನುತ್ತೀರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಮುಂದಿಟ್ಟದ್ದರಲ್ಲಿ ಏನನ್ನು ತಿನ್ನಲಿಲ್ಲ ಎಂದು ಕೇಳುತ್ತೇನೆ. ಅದಕ್ಕೂ ಮೊದಲು, ಜೊತೆಗೆ ಬಂದ ತಾಯಿಯನ್ನೋ ಅತ್ತೆಯನ್ನೋ ನನಗೊಂದು ಚಹಾ ತಂದುಕೊಡಿ ಎಂದು ಕ್ಯಾಂಟೀನಿಗೆ ಕಳಿಸುತ್ತೇನೆ.